ಒಂದೇ ಕೈಗೆ ಒಗ್ಗುವ ಕಡಾಯಿ

ನಮ್ಮ ಸೋದರತ್ತೆಯ ಜೊತೆ ಪಾತ್ರೆ ಅಂಗಡಿಗೆ ಹೋಗುವುದಕ್ಕಿಂತ ಕನ್ಯೆ ನೋಡಲು ಹೋಗುವುದು ಸುಲಭ. ಅಲ್ಲಿ ನಾಲ್ಕು ಪ್ರಶ್ನೆ ಕೇಳಿ, ಅವಲಕ್ಕಿ ತಿಂದು, ‘ತಿಳಸ್ತೀವ್ರಿ’ ಅಂತ ಎದ್ದು ಬರಬಹುದು. ಅತ್ತೆ ಎದ್ದು ಬರುವವಳಲ್ಲ. ವಿಜಯಪುರದ ಪಾತ್ರೆ ಅಂಗಡಿಯವರು ಈಗ ಅವಳನ್ನು ದೂರದಿಂದ ಕಂಡರೂ ಮೊಬೈಲ್ ಕಿವಿಗಿಟ್ಟುಕೊಂಡು ಒಳಗೆ ಹೋಗುತ್ತಾರೆ.

ಅವಳಿಗೆ ಬೇಕಾಗಿದ್ದು ಒಂದು ಕಡಾಯಿ. ಅದೂ ಮಾವನಿಗೆ.

ದಿನಾ ಬೆಳಿಗ್ಗೆ ಚುರುಮುರಿ ಸೂಸಲ, ಅಂದರೆ ಮಂಡಕ್ಕಿ ಒಗ್ಗರಣೆ, ಮಾಡುವುದು ಮಾವನ ಕೆಲಸ. ಮದುವೆಯಾದಾಗಿನಿಂದ ಆ ಮನೆಯ ಪದ್ಧತಿ ಅದು. ಅವರು ಒಗ್ಗರಣೆ ಹಾಕಿ ತಿರುವುವುದು, ಇವಳು ಒಂದು ತುತ್ತು ಬಾಯಿಗಿಟ್ಟು “ಉಪ್ಪಿನ ಡಬ್ಬೀನ ಸುರುವೀರೇನ್ರಿ?” ಅಂತ ಬೈಯುವುದು, ಬೈದು ಮತ್ತೆ ತಟ್ಟೆ ಮುಂದೆ ಹಿಡಿಯುವುದು.

ಹೋದ ವರ್ಷ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಅರ್ಧ ಉಳಿಯಿತು. ತುಸು ಸುಧಾರಿಸಿದ ಮೇಲೆ ಒಂದು ಬೆಳಿಗ್ಗೆ ಎಡಗೈಯಲ್ಲೇ ಸೂಸಲ ಮಾಡಲು ಹೋದರು. ಹಗುರ ಕಡಾಯಿ, ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲ. ಸೌಟು ತಿರುವಿದರೆ ಕಡಾಯಿಯೂ ತಿರುಗಿತು. ಉದ್ದ ಹಿಡಿಕೆ ಅಂಗಿಯ ತೋಳಿಗೆ ಸಿಕ್ಕು ಎಲ್ಲಾ ನೆಲಕ್ಕೆ. ಹಿಡಿಕೆ ಮುರಿಯಿತು, ಕಾದ ಎಣ್ಣೆ ಪಾದದ ಮೇಲೆ ಬಿತ್ತು. ಗಾಯ ಮಾಯಿತು. ಮಾವ ಮಾತ್ರ ಮತ್ತೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಗೋಡೆ ನೋಡುತ್ತಾ ಕೂತುಬಿಟ್ಟರು. ಅತ್ತೆ ಬೈಯುವುದನ್ನೇ ಬಿಟ್ಟಳು. ಬೀಗರಿಗೆ ಬಡಿಸಿದ ಹಾಗೆ “ಇನ್ನಷ್ಟು ಹಾಕ್ಲೇನ್ರಿ?” ಅಂತ ಮೆಲ್ಲಗೆ ಕೇಳತೊಡಗಿದಳು. ಆ ಮನೆಯಲ್ಲಿ ಅಷ್ಟು ಮರ್ಯಾದೆ ಯಾರಿಗೂ ಸಿಕ್ಕಿರಲಿಲ್ಲ. ನೋಡಲಾಗುತ್ತಿರಲಿಲ್ಲ.

ಇನ್ನು ಕಡಾಯಿಯ ಬೇಟೆ. ಗ್ಯಾಸ್ ಒಲೆಯ ಮೇಲಿನ ಕಬ್ಬಿಣದ ಸ್ಟ್ಯಾಂಡನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಹೊರಟಳು. ಮೊದಲ ಅಂಗಡಿಯಲ್ಲಿ ಅದನ್ನು ಗಲ್ಲಾದ ಮುಂದೆ ಇಡುತ್ತಲೇ ಅಂಗಡಿಯವ ಹೇಳಿದ, “ಅಕ್ಕಾರ, ನಾವು ಒಲಿ ರಿಪೇರಿ ಮಾಡಂಗಿಲ್ರಿ.”

“ನಾನೂ ಮಾಡಸಾಕ ಬಂದಿಲ್ಲ. ಇದರ ಮ್ಯಾಲ ಅಲುಗ್ಯಾಡದಂಗ ಕುಂದ್ರೂ ಕಡಾಯಿ ತೋರಸು.”

ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮನೆಯಿಂದ ತಂದ ಚುರುಮುರಿ ಸುರಿದು ಎಡಗೈಯಲ್ಲಿ ತಿರುವತೊಡಗಿದಳು. ನಾನ್‌ಸ್ಟಿಕ್ಕಿಗೆ “ಬೆಕ್ಕ ಸೀನಿದರ ಹಾರ್ತೈತಿ” ಎಂದಳು. ದುಂಡು ತಳದ್ದಕ್ಕೆ “ಇದು ಕಡಾಯಿ ಅಲ್ಲ, ತೊಟ್ಟಲಾ” ಎಂದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ, “ಒಂದು ಪ್ಲೇಟ್ ಕೊಡ್ರಿ, ಖಾರ ಇರ್ಲಿ” ಅಂದರು.

ವಿಜಯಪುರದ ಅಂಗಡಿಗಳು ಮುಗಿದ ಮೇಲೆ ತಿಕೋಟಾಕ್ಕೆ ಹೋದೆವು. ಅಲ್ಲಿಯ ಅಂಗಡಿಯವನಿಗೆ ತಾಳ್ಮೆ ಕಡಿಮೆ. “ಎರಡೂ ಕೈಲೆ ಹಿಡದು ತಿರುವ್ರೆಲಾ, ಯಾಕ ಅಲುಗ್ಯಾಡ್ತೈತಿ?”

“ಎರಡ ಕೈ ಇದ್ರ ನಿನ್ನ ಅಂಗಡಿಗೆ ಯಾಕ ಬರತಿದ್ನೋ ತಮ್ಮಾ?”

ಅವನು ಅವಳ ಎರಡೂ ಕೈ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಗೋಡೆಗೆ ತೂಗುಹಾಕಿದ ಜರಡಿಗಳನ್ನು ನೋಡುತ್ತಾ ನಿಂತೆ.

ಕೊನೆಗೆ ಸಿಕ್ಕಿದ್ದು ಬಬಲೇಶ್ವರದ ಸಂತೆಯಲ್ಲಿ, ಗೋಣಿತಟ್ಟು ಹಾಸಿ ಕೂತಿದ್ದ ಒಬ್ಬ ಮುದುಕಿಯ ಹತ್ತಿರ. ಬೀಡುಕಬ್ಬಿಣದ್ದು, ಚಪ್ಪಟೆ ತಳ, ಎತ್ತರದ ಅಂಚು, ಉದ್ದ ಹಿಡಿಕೆಯ ಬದಲು ಎರಡು ಗಿಡ್ಡ ಕಿವಿ. ಅತ್ತೆ ಎಷ್ಟು ತಿರುವಿದರೂ ಅದು ಎಮ್ಮೆಯ ಹಾಗೆ ಕೂತಿತ್ತು.

“ಭಾಳ ವಜ್ಜ ಐತಿ ಬೇ, ಎತ್ತಾಕ ಆಗಂಗಿಲ್ಲ” ಅಂದಳು ಮುದುಕಿ.

“ಎತ್ತಾಕ ನಾ ಅದೇನಿ. ತಿರುವಾಕ ಅವರದಾರ.”

ವಾಪಸು ಬರುವಾಗ ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲಿತ್ತು. ಇಳಿದ ಮೇಲೂ ಇದ್ದಂತೆಯೇ ಅನಿಸುತ್ತಿತ್ತು.

ಅತ್ತೆ ಅದನ್ನು ತೊಳೆದು, ಎಣ್ಣೆ ಹಚ್ಚಿ ಕಾಯಿಸಿ ಪಳಗಿಸಿದಳು. ಒಂದು ಬೆಳಿಗ್ಗೆ ಒಲೆಯ ಮೇಲಿಟ್ಟು, ಪಕ್ಕದಲ್ಲಿ ನೆನೆಸಿದ ಚುರುಮುರಿ, ಹೆಚ್ಚಿದ ಉಳ್ಳಾಗಡ್ಡಿ ಇಟ್ಟು, ಪಡಸಾಲೆಗೆ ಬಂದು ನನ್ನ ಪಕ್ಕ ಕೂತಳು. ಮಾವ ಒಮ್ಮೆ ಗೋಡೆ ನೋಡಿದರು, ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಮಾವ ಕಾಲೆಳೆಯುತ್ತಾ ಒಳಗೆ ಹೋದರು. ಸಾಸಿವೆ ಸಿಡಿಯಿತು. ಸೌಟಿನ ಸದ್ದು ಬಂತು, ನಿಂತಿತು, ಮತ್ತೆ ಬಂತು. ಅತ್ತೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾ ಕೂತೇ ಇದ್ದಳು.

ಉಳ್ಳಾಗಡ್ಡಿ ಸೀದಿತ್ತು. ಅರಿಷಿಣ ಒಂದೇ ಕಡೆ ನಿಂತಿತ್ತು. ಉಪ್ಪು ಹಾಕುವುದನ್ನು ಮಾವ ಪೂರ್ತಿ ಮರೆತಿದ್ದರು.

ಅತ್ತೆ ಒಂದು ತುತ್ತು ಬಾಯಿಗಿಟ್ಟಳು. ಮಾವ ಅವಳ ಮುಖವನ್ನೇ ನೋಡುತ್ತಿದ್ದರು.

“ಉಪ್ಪಿನ ಡಬ್ಬೀನ ಸುರುವೀರೇನ್ರಿ?”

ಮಾವನ ಮುಖದ ಅರ್ಧ ಭಾಗ ನಕ್ಕಿತು. ಅತ್ತೆ ಮತ್ತೆ ತಟ್ಟೆ ಮುಂದೆ ಹಿಡಿದಳು.