ಜವರಯ್ಯನ ಪಂಚೆ ಬೆಳ್ಳಗಾದದ್ದು

ಸಂತೋಷ್ ಮಾಡಿದ ತಪ್ಪು ಇಷ್ಟೇ. ನೀಲಿ ಬಣ್ಣ ಕದಡಿದ ನೀರಿನ ಟಬ್ಬನ್ನು ತಾರಸಿಯ ಮೇಲೆ ಬಟ್ಟೆ ಒಣಹಾಕುವ ತಂತಿಯ ಕೆಳಗಿಟ್ಟು ಕಾಫಿ ಕುಡಿಯಲು ಹೋದ.

ಪಾಂಡವಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಈ ಬಡಪಾಯಿ ವರ್ಷಗಟ್ಟಲೆ ಯೂರಿಯಾ ಸುಟ್ಟು ಒಂದು ಹಳದಿ ಪುಡಿ ಮಾಡಿದ್ದ. ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳ ಅರೆವಾಹಕ ಅದು. ಬಿಸಿಲಿನ ಬೆಳಕು ಬಿದ್ದರೆ ಸಾಕು, ನೀರಿಗೆ ಸೇರಿದ ಬಣ್ಣದ ವಿಷವನ್ನು ಒಡೆದುಹಾಕಬೇಕು. ಮಧ್ಯಾಹ್ನ ಮೈಸೂರಿನಿಂದ ಬರುವ ಗೈಡು ರಾಘವೇಂದ್ರರಾಯರ ಕಣ್ಣೆದುರಿಗೆ ನೀಲಿ ಹೋದರೆ ಪಿಎಚ್‌ಡಿ ಪ್ರಬಂಧಕ್ಕೆ ಸಹಿ. ಅದಕ್ಕೇ ಇದ್ದಬದ್ದ ಪುಡಿಯನ್ನೆಲ್ಲ ಟಬ್ಬಿಗೆ ಸುರಿದಿದ್ದ.

ವಾಪಸ್ಸು ಬಂದರೆ ಟಬ್ಬು ಖಾಲಿ. ತಂತಿಯ ಮೇಲೆ ಮನೆ ಓನರ್ ಜವರಯ್ಯನ ಪಂಚೆ ನೀಲಿನೀಲಿಯಾಗಿ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಅವನ ಹೆಂಡತಿ ಚಿಕ್ಕಬೋರಮ್ಮ.

“ಅಮ್ಮಾ, ನನ್ನ ನೀರು!”

“ನೀಲಿ ಕದಡಿ ಮಡಗಿದ್ದಲ್ಲ ಮೇಷ್ಟ್ರೇ, ದಂಡ ಆಯ್ತದೆ ಅಂತ ಎಜಮಾನ್ರ ಪಂಚೆ ಅದ್ದಿ, ಮಿಕ್ಕಿದ್ದ ಕರಿಬೇವಿನ ಗಿಡಕ್ಕೆ ಉಯ್ದೆ. ಪಂಚೆಗೆ ಒಂದು ತೊಟ್ಟು ನೀಲಿ ಸಾಕು ಕಣಪ್ಪ. ಬಾಟ್ಲಿನೇ ಸುರ್ದುಬುಟ್ಟಿದ್ದೀಯಲ್ಲ, ಅದೇನು ಓದಿದ್ಯೋ!”

ಸಂತೋಷನ ಮೈಯೆಲ್ಲ ಉರಿಯಿತು. ವರ್ಷಗಳ ದುಡಿಮೆಯನ್ನು ಪಂಚೆಗೆ ಬಳಿದದ್ದಲ್ಲದೆ ಬುದ್ಧಿವಾದ ಬೇರೆ! ಬಾಯಿ ತೆರೆಯುವಷ್ಟರಲ್ಲಿ ಜವರಯ್ಯನೇ ಮೇಲೆ ಬಂದ.

“ಲೇ, ನಾಳೆ ಬೀಗ್ರೂಟಕ್ಕೆ ಉಟ್ಕೊಳೋ ಪಂಚೆ ಕಣ್ಲಾ! ನವಿಲಂಗೆ ಓಗ್ಲಾ? ಸಂಜೆಗೆ ಬೆಳ್ಳಗಾಗ್ದಿದ್ರೆ ಮನೆ ಖಾಲಿ ಮಾಡು.”

ಹಾಳು ಮಾಡಿದವರು ಅವರು, ಮನೆ ಬಿಡಬೇಕಾದವನು ಇವನು! ಇದ್ಯಾವ ನ್ಯಾಯ? ಸಂತೋಷ್ ಹಲ್ಲು ಕಚ್ಚಿಕೊಂಡು ಮೆಟ್ಟಿಲ ಮೇಲೆ ಕೂತ. ಆ ಸಿಟ್ಟಿನಲ್ಲಿ ನೀಲಿ ಪಂಚೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳುವ ಬುದ್ಧಿಯೂ ಹೊಳೆಯಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಬಸ್ಸು ಕೆಟ್ಟು ರಾಯರು ಬರುವಷ್ಟರಲ್ಲಿ ಸಂಜೆಯಾಗಿತ್ತು. ಅವರನ್ನು ಕರೆದುಕೊಂಡು ತಾರಸಿ ಹತ್ತಿದ ಸಂತೋಷ್ ಅಲ್ಲೇ ನಿಂತುಬಿಟ್ಟ. ತಂತಿಯ ಮೇಲಿನ ಪಂಚೆ ಹಾಲಿನಂತೆ ಬೆಳ್ಳಗಿತ್ತು. ಪಕ್ಕದಲ್ಲೇ ಅದನ್ನು ತೆಗೆಯಲು ಬಂದಿದ್ದ ಗಂಡ ಹೆಂಡತಿ. ಪುಡಿ ನೂಲಿಗೆ ಅಂಟಿಕೊಂಡು, ದಿನವಿಡೀ ಬಿಸಿಲು ಕುಡಿದು, ನೀಲಿಯನ್ನು ನುಂಗಿ ಹಾಕಿತ್ತು.

“ಸಾರ್, ಕೆಲಸ ಮಾಡಿದೆ! ಬೆಳಿಗ್ಗೆ ಇದು ಪೂರ್ತಿ ನೀಲಿ!”

“ಬಿಳಿ ಪಂಚೆ ಬೆಳ್ಳಗಿದೆ ಅಂತ ಪಿಎಚ್‌ಡಿ ಕೊಡೋಕಾಗುತ್ತೇನ್ರೀ?”

“ಅಮ್ಮಾ, ನೀವಾದ್ರೂ ಹೇಳಿ, ನೀಲಿ ಆಗಿತ್ತಲ್ವಾ?”

ಚಿಕ್ಕಬೋರಮ್ಮ ಸೊಂಟಕ್ಕೆ ಕೈಯಿಟ್ಟಳು. “ನಾನು ಒಗ್ದ ಪಂಚೆ ಯಾವತ್ಲಾ ನೀಲಿ ಆಗಿತ್ತು? ರಟ್ಟೆ ಬೀಳಂಗೆ ಒಗ್ದೋಳು ನಾನು, ಎಸ್ರು ಮಾತ್ರ ಇವ್ನಿಗಂತೆ!”

ಜವರಯ್ಯ ಹೆಂಡತಿಯ ಮುಖ ನೋಡಿ ಪಂಚೆ ಮಡಚತೊಡಗಿದ. ರಾಯರು ಸಹಿಯ ಪೆನ್ನನ್ನು ಜೇಬಿಗೆ ಸೇರಿಸಿದರು. ಆಮೇಲೆ ಹೆಗಲ ಮೇಲಿನ ಶಲ್ಯ ತೆಗೆದು ಚಿಕ್ಕಬೋರಮ್ಮನಿಗೆ ತೋರಿಸಿದರು.

“ಅಮ್ಮಾ, ಇದರಲ್ಲಿರೋ ಕಾಫಿ ಕಲೆನೂ ಹೋಗುತ್ತಾ?”

“ಯಾಕೋಗಕ್ಕಿಲ್ಲ ಸಾಮಿ?” ಎಂದವಳು ಸಂತೋಷನ ಕಡೆ ತಿರುಗಿದಳು. “ಮೇಷ್ಟ್ರೇ, ಇನ್ನೊಂದು ವಸಿ ನೀಲಿ ಕದಡಿ ಮಡಗಪ್ಪ.”