ಕರೆಮ್ಮ ಅತ್ತ ಕ್ಯಾಸೆಟ್

ಹುಣಸಗಿಯ ಕರೆಮ್ಮ ಬೆಳಿಗ್ಗೆ ಸತ್ತಳು. ಅವಳ ಹೆಣದ ಮುಂದೆ ಅಳಲು ಕರೆಮ್ಮನೇ ಬೇಕಾಗಿದ್ದಳು. ತೊಂದರೆ ಶುರುವಾದದ್ದು ಅಲ್ಲಿಂದ.

ಸುತ್ತಮುತ್ತ ಯಾರೇ ಸತ್ತರೂ ಹಾಡಿಕೊಂಡು ಅಳಲು ಅವಳಿಗೇ ಕರೆ ಹೋಗುತ್ತಿತ್ತು. ಸತ್ತವನ ಹೆಸರು, ಅವನ ಹೊಲ, ಅವನ ಎತ್ತು, ಎಲ್ಲವನ್ನೂ ರಾಗಕ್ಕೆ ಹಚ್ಚಿ ಅಳುವವಳು. ಸತ್ತವನ ಮೇಲೆ ಕೋರ್ಟಿನಲ್ಲಿ ಕೇಸು ಹಾಕಿದವನೂ ಅವಳ ದನಿ ಕೇಳಿ ಮೂಗು ಒರೆಸಿಕೊಳ್ಳುತ್ತಿದ್ದ. ಇನ್ನೊಂದು ಗುಣವೂ ಇತ್ತು. ರಾಗ ಮೇಲಕ್ಕೇರಿದಾಗಲೇ ಗಕ್ಕನೆ ನಿಲ್ಲಿಸಿ, ಸಾದಾ ದನಿಯಲ್ಲಿ "ಎಮ್ಮಿ ಕರಾ ಕಟ್ಟೀರೇನ?" ಎಂದು ವಿಚಾರಿಸಿ, ಬಿಟ್ಟಲ್ಲಿಂದಲೇ ಅಳು ಎತ್ತಿಕೊಳ್ಳುತ್ತಿದ್ದಳು. ನಳ ತಿರುವಿದ ಹಾಗೆ.

ಅವಳ ಮಗ ದ್ಯಾವಪ್ಪ ಸುರಪುರದ ರಂಗಂಪೇಟೆಗೆ ಫೋನ್ ಮಾಡಿದ. ಅಲ್ಲಿ ಅವನ ಅಕ್ಕನ ಗಂಡ ಅಂಬ್ರಪ್ಪ ಇದ್ದ.

"ಮಾವ, ಅವ್ವ ಹೋದ್ಲು. ಇಲ್ಲಿ ಯಾರಿಗೂ ಅಳಾಕ ಬರವಲ್ದು. ಬಾಯಿ ಮುಂದ ಸೆರಗ ಹಿಡಕೊಂಡು ಮೊಬೈಲ್ ನೋಡಾಕತ್ಯಾರ. ಅಪ್ಪ ಸತ್ತಾಗ ಅವ್ವ ಅತ್ತದ್ದು ನೀ ಟೇಪ್ ಮಾಡಿದ್ದೆಲ್ಲ, ಅದನ್ನ ತಗೊಂಡ್ ಬಾ. ಸಂಜಿಗಿ ಮಣ್ಣು."

"ಹಣಮಂತಿ ಏನಂತಾಳ?"

"ಅಕ್ಕನೇ ಹೇಳ್ಯಾಳ. ಅವ್ವನ ದನಿ ಒಮ್ಮಿ ಕೇಳಸ್ಲಿ, ದಿನಕರ್ಮ ಮುಗಿದ ಮ್ಯಾಲ ಅವರ ಮನಿಗಿ ಹೋಗ್ತೀನಿ ಅಂದಾಳ."

ಹೆಂಡತಿ ಹಣಮಂತಮ್ಮ ತವರಿಗೆ ಹೋಗಿ ಎರಡು ವರ್ಷವಾಗಿತ್ತು. ಅಂಬ್ರಪ್ಪ ಹೊಡೆಯುವವನಲ್ಲ, ಕುಡಿಯುವವನಲ್ಲ. ಕೇಳುವವನೂ ಅಲ್ಲ. ಕ್ಯಾಸೆಟ್ಟಿಗೆ ಹಾಡು ತುಂಬಿಸುವ ಅಂಗಡಿ ಇಟ್ಟಾಗ ಅವನ ಕಿವಿಗೆ ಏರಿದ ಹೆಡ್‌ಫೋನ್ ಇಳಿದೇ ಇರಲಿಲ್ಲ. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೆಮರಿ ಕಾರ್ಡ್ ಬಂತು, ಅದೂ ಹೋಗಿ ಅವನೀಗ ಮೊಬೈಲುಗಳಿಗೆ ಗಾಜು ಅಂಟಿಸುತ್ತಿದ್ದ. ಒಂದು ದಿನ ಅಡುಗೆಮನೆಗೆ ಹಾವು ಬಂತು. ಹಣಮಂತಮ್ಮ ಗಂಟಲು ಹರಿಯುವಂತೆ ಕೂಗಿದರೂ ಅಂಬ್ರಪ್ಪ ಪಡಸಾಲೆಯಲ್ಲಿ ತಾಳಕ್ಕೆ ತಲೆ ಅಲ್ಲಾಡಿಸುತ್ತ ಕೂತಿದ್ದ. ಹಾವನ್ನು ತಾನೇ ಹೊಡೆದುಹಾಕಿ ಅವಳು ಹುಣಸಗಿ ಬಸ್ ಹತ್ತಿದಳು. ಅಂದಿನಿಂದ ಅಂಬ್ರಪ್ಪ ಸೀದ ಅನ್ನ ತಿಂದುಕೊಂಡಿದ್ದ.

ಟ್ರಂಕಿನ ತಳದಲ್ಲಿ ಕ್ಯಾಸೆಟ್ ಸಿಕ್ಕಿತು. ಸುರುಳಿಗೆ ಬಿಳಿ ಬೂಷ್ಟು ಹಿಡಿದಿತ್ತು.

ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಗುಲ್ನಾಜ್ ಕರೆಯದೆಯೇ ಬಂದಳು. "ಬಿಸಲಿಗಿ ಇಡ್ರಿ ಭಾಯ್. ಹಪ್ಪಳಕ್ಕ ಬೂಷ್ಟು ಬಂದ್ರ ನಾವು ಹಂಗೇ ಮಾಡ್ತೀವಿ." ಅವನು ಬೇಡ ಅನ್ನುವುದರೊಳಗೆ ಅದನ್ನು ತಗಡಿನ ಮೇಲೆ ಇಟ್ಟೂಬಿಟ್ಟಳು. ಸುರಪುರದ ಬಿಸಿಲು. ಕ್ಯಾಸೆಟ್ ಹಪ್ಪಳದಂತೆಯೇ ಸೊಟ್ಟಗಾಯಿತು.

ಅದನ್ನು ಹಿಡಿದು ಅಂಬ್ರಪ್ಪ ನಯೀಮನ ಬಳಿ ಓಡಿದ. ನಯೀಮ ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ, ಈಗ ಮಿಕ್ಸರ್. ಗುಲ್ನಾಜ್ ಹಿಂದೆಯೇ ಬಂದಳು. ನಯೀಮ ಬೇರೊಂದು ಕ್ಯಾಸೆಟ್ಟಿನ ಹೊಟ್ಟೆ ಸೀಳಿ ಅದರೊಳಗೆ ಕರೆಮ್ಮನ ಸುರುಳಿಯನ್ನು ಕೂಡಿಸಿದ. ಅವನ ಟೇಪ್‌ರೆಕಾರ್ಡರಿಗೆ ಬೆಲ್ಟ್ ಇರಲಿಲ್ಲ. ಗುಲ್ನಾಜ್ ಲಂಗದ ಎಲಾಸ್ಟಿಕ್ ತುಂಡು ಕೊಟ್ಟಳು. ಗುಂಡಿ ಒತ್ತಿದರೆ ಈಯುತ್ತಿರುವ ಎಮ್ಮೆಯ ದನಿ ಬಂತು.

"ಸಡ್ಲ ಆಗ್ಯಾದ," ಎಂದು ನಯೀಮ ಎಲಾಸ್ಟಿಕ್ ಬಿಗಿದ. ಕರೆಮ್ಮ ಕೋಳಿಮರಿಯಂತೆ ಚಿಂವ್‌ಗುಟ್ಟಿದಳು. ಮೂರನೆಯ ಸಲ ದನಿ ಸರಿಯಾಯಿತು, ಸುರುಳಿ ಹರಿಯಿತು. ಅಂಟುಪಟ್ಟಿ ಹಚ್ಚಿ ಕೂಡಿಸಿದ ನಯೀಮ, "ಇನ್ನ ಒಂದೇ ಸಲ ಓಡ್ತದ ಭಾಯ್. ಈ ಟೇಪ್‌ರೆಕಾರ್ಡರ್ ಸಮೇತ ಸ್ಟುಡಿಯೊಕ್ಕ ಒಯ್ದು ಕಂಪ್ಯೂಟರಿಗಿ ಹಾಕಸ್ಕೊ. ಇಲ್ಲೇ ಮತ್ತ ಓಡಸಿದ್ರ ಮುದುಕಿ ಎರಡನೇ ಸಲ ಸಾಯ್ತಾಳ," ಅಂದ.

ಸುರಪುರದ ಬಸ್‌ಸ್ಟ್ಯಾಂಡಿನ ಹಿಂದೆ ಲಕ್ಷ್ಮಿಕಾಂತನ ಸ್ಟುಡಿಯೊ ಇತ್ತು. ಗೋಡೆ ತುಂಬ ತತ್ತಿಯ ಟ್ರೇಗಳು, ನಡುವೆ ಕಂಪ್ಯೂಟರು. ಜಾನಪದ ಹಾಡುಗಳಿಗೆ ಡಿಜೆ ಬಡಿತ ಸೇರಿಸುವುದು ಅವನ ಕೆಲಸ.

"ಇದಕ್ಕ ಬೀಟ್ ಹಾಕ್ಲೇನ್ರಿ ಅಂಕಲ್?"

"ನಮ್ಮ ಅತ್ತಿ ಗಂಡ ಸತ್ತಾಗ ಅತ್ತದ್ದಪ್ಪ ಅದು."

"ಹಂಗಾರ ಸ್ಲೋ ಬೀಟ್ ಹಾಕ್ತೀನಿ."

"ಏನೂ ಹಾಕಬ್ಯಾಡ ಮಾರಾಯ."

ಇದ್ದದ್ದು ಒಂದೇ ಹೆಡ್‌ಫೋನ್, ಅದು ಲಕ್ಷ್ಮಿಕಾಂತನ ಕಿವಿಯಲ್ಲಿತ್ತು. ಅಂಬ್ರಪ್ಪ ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆ ನೋಡುತ್ತ ಕೂತ. ಮಾವ ಸತ್ತ ದಿನವೂ ಅವನು ಹೀಗೇ ದನಿಗೆ ತಕ್ಕಂತೆ ಅಲ್ಲಾಡುವ ಟೇಪಿನ ಮುಳ್ಳು ನೋಡುತ್ತ ಕೂತಿದ್ದ. ಮುಗಿಯುವ ಹೊತ್ತಿಗೆ ಸುರುಳಿ ಚೂರುಚೂರಾಗಿ ಟೇಪಿನ ಬಾಯಿಂದ ಶ್ಯಾವಿಗೆಯಂತೆ ಹೊರಬಂತು.

"ಗದ್ದಲ ಭಾಳ ಅದ ಅಂಕಲ್," ಅಂದ ಲಕ್ಷ್ಮಿಕಾಂತ. "ಎಐ ಹಚ್ತೀನಿ. ಬ್ಯಾಡಾದ್ದೆಲ್ಲ ತಗದು ಮನಿಷ್ಯಾರ ದನಿ ಒಂದೇ ಉಳಸ್ತದ."

ಚಾ ಕುಡಿಯುವುದರೊಳಗೆ ಕೆಲಸ ಮುಗಿಯಿತು. ಅವನು ಹೆಡ್‌ಫೋನನ್ನು ಅಂಬ್ರಪ್ಪನಿಗೆ ಹಾಕಿದ. ಟೇಪು ಓಡುವ ಸುಂಯ್ ಸದ್ದಿಲ್ಲ, ಗಾಳಿಯಿಲ್ಲ. ಹೊಸ ಸಮಾಧಿಯೊಳಗೆ ಇಣುಕಿದಂಥ ನಿಶ್ಶಬ್ದ. ಆಯುಷ್ಯವೆಲ್ಲ ಆ ಸುಂಯ್ ಸದ್ದಿನ ಜೊತೆ ಗುದ್ದಾಡಿದ ಅಂಬ್ರಪ್ಪನ ಕಣ್ಣು ತುಂಬಿದವು.

"ಏನೂ ಕೇಳ್ಸವಲ್ದಲ್ಲೋ!"

"ಅದೇ ಅಂಕಲ್ ಕ್ವಾಲಿಟಿ ಅಂದ್ರ. ಮುಂದ ದನಿ ಬರ್ತದ."

ಹೊರಗೆ ಹುಣಸಗಿ ಬಸ್ಸು ಹಾರ್ನ್ ಹೊಡೆಯಿತು. ಅಂಬ್ರಪ್ಪ ಅದನ್ನು ಮೊಬೈಲಿಗೆ ಹಾಕಿಸಿಕೊಂಡು ಓಡಿದ. ಬಸ್ಸಿನಲ್ಲಿ ಕೇಳೋಣವೆಂದರೆ, ಟೇಪಿನ ದನಿ ಕೇಳಲು ಕಿವಿಯಿಂದ ಇಳಿಸಿದ್ದ ಅವನ ಹೆಡ್‌ಫೋನ್ ನಯೀಮನ ಮಿಕ್ಸರುಗಳ ನಡುವೆ ಉಳಿದಿತ್ತು.

ಹೆಣವನ್ನು ಅಂಗಳದಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಪಕ್ಕದಲ್ಲಿ ಹಣಮಂತಮ್ಮ. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು, "ಬರ್ರಿ," ಅಂದಳು. ಎರಡು ವರ್ಷದಲ್ಲಿ ಅವಳು ಆಡಿದ ಮೊದಲ ಮಾತು. ಒಳಗೆ ಗೂಟಕ್ಕೆ ಅವಳ ಬಟ್ಟೆಯ ಚೀಲ ತುಂಬಿಕೊಂಡು ನೇತಾಡುತ್ತಿತ್ತು. ಅಂಬ್ರಪ್ಪನಿಗೆ ಬಿಸಿ ರೊಟ್ಟಿಯ ವಾಸನೆ ಬಂದಂತಾಯಿತು.

ದ್ಯಾವಪ್ಪ ಮದುವೆಯ ಸೌಂಡ್ ಬಾಕ್ಸ್ ತರಿಸಿದ್ದ. ಅಂಬ್ರಪ್ಪ ಮೊಬೈಲ್ ಜೋಡಿಸಿ ಗುಂಡಿ ಒತ್ತಿದ. ಎಲ್ಲರೂ ಸೆರಗು, ಟಾವೆಲ್ಲು ಕಣ್ಣಿಗೆ ಹಿಡಿದು ಸಿದ್ಧರಾದರು.

ಏನೂ ಇಲ್ಲ.

"ಕರೆಂಟ್ ಹೋಗ್ಯಾದೇನ?" ಅಂದರು ಯಾರೋ.

"ಚಾಕ್ಕ ಸಕ್ರಿ ಹಾಕೀರೇನ?" ಅಂದಳು ಕರೆಮ್ಮ.

ದನಿ ಎಷ್ಟು ಸ್ವಚ್ಛವಾಗಿತ್ತೆಂದರೆ ಎಲ್ಲರೂ ಹೆಣದ ಬಾಯಿ ನೋಡಿದರು. ಒಲೆಯ ಮುಂದಿನವಳು "ಹಾಕೀನ್ರಿ ಯವ್ವ!" ಎಂದು ಪಾತ್ರೆ ಕೆಡವಿಕೊಂಡಳು. ಮತ್ತೆ ನಿಶ್ಶಬ್ದ. ಆಮೇಲೆ, "ದ್ಯಾವ್ಯಾ, ಎಮ್ಮಿಗಿ ನೀರ ಕುಡಸೋ." ಎಮ್ಮೆ ಮಾರಿ ಎಷ್ಟೋ ವರ್ಷವಾಗಿತ್ತು. ಆದರೂ ದ್ಯಾವಪ್ಪ ಬಕೀಟು ಹಿಡಿದು ಎದ್ದೇಬಿಟ್ಟ.

ಅಂಬ್ರಪ್ಪನಿಗೆ ಆಗ ತಿಳಿಯಿತು. ಯಂತ್ರಕ್ಕೆ ಕರೆಮ್ಮನ ಅಳುವೇ ಗದ್ದಲವಾಗಿ ಕೇಳಿಸಿತ್ತು. ಅದನ್ನೆಲ್ಲ ಗುಡಿಸಿಹಾಕಿ, ನಡುನಡುವೆ ಅವಳು ಆಡಿದ ಮಾತನ್ನಷ್ಟೇ ಉಳಿಸಿತ್ತು. ಅವನು ಮೊಬೈಲ್ ಕಡೆ ಕೈ ಚಾಚಿದ. ಕರೆಮ್ಮ ಅವನಿಗಿಂತ ಚುರುಕು.

"ಹಣಮಂತಿ, ಹತ್ರ ಬಾ. ನಿಮ್ಮಪ್ಪ ಹೆಣಾ ಆಗಿ ಕುಂತಾನ, ನಿನ್ನ ಗಂಡ ಆ ಡಬ್ಬಿ ಮುಳ್ಳು ನೋಡ್ಕೊಂತ ಕುಂತಾನ. ಮುಂದ ಕುಂತು ಬೈಯಾಕತ್ತೀನಿ, ಅವನಿಗಿ ಬರೇ ಮುಳ್ಳು ಅಲ್ಲಾಡೋದು ಕಾಣ್ತದ. ಇವನ ಹಿಂದ ಹೋಗಬ್ಯಾಡ ಮಗಳ. ಗ್ವಾಡಿ ಸಂಗಟ ಬಾಳೇ ಮಾಡಿದಂಗ ಆಗ್ತದ. ನಾ ಇದ್ರೂ ಅಷ್ಟೇ, ಸತ್ರೂ ಅಷ್ಟೇ, ನೀ ಈ ಮನ್ಯಾಗೇ ಇರು."

ಎಲ್ಲರೂ ಅಂಬ್ರಪ್ಪನತ್ತ ತಿರುಗಿದರು.

"ಇದು ಹಳೇ ಮಾತ್ರಿ!" ಅಂಬ್ರಪ್ಪ ಕೂಗಿದ. "ನಾ ಆಗ ದನಿ ಲೆವೆಲ್ ನೋಡಾಕತ್ತಿದ್ದೆ, ನನಗ ಕೇಳಸಿದ್ದಿಲ್ಲ! ಅಳೋದೆಲ್ಲ ಮಷೀನು ಗದ್ದಲ ಅಂತ ತಗದಾದ!"

ಕರೆಮ್ಮನ ಗೆಳತಿ ಮೌನಮ್ಮ ಎಲೆಅಡಿಕೆ ಉಗುಳಿ ಬಂದಳು. "ಗದ್ದಲ ಯಾವುದು, ಮಾತು ಯಾವುದು ಅಂತ ಮಷೀನಿಗಿ ತಿಳೀತು. ನಿನಗ ಇಷ್ಟು ವರ್ಷ ತಿಳೀಲಿಲ್ಲ. ಹೆಣದ ಮುಂದ ಆಕಿ ಬಾಯಿಂದನೇ ಬಂದಾದ, ಮೀರಾಕ ಬರಂಗಿಲ್ಲ."

ಹಣಮಂತಮ್ಮ ಗಂಡನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಅವತ್ತೂ ಹೇಳಿದ್ಲು. ಹೊಸದಾಗಿ ಲಗ್ನ ಆಗಿತ್ತು, ಕೇಳಲಿಲ್ಲ ನಾ," ಅಂದಳು. "ಚಂದ ಕೇಳಸೀರಿ. ಅವ್ವನ ಬಾಯಾಗ ಬೈಸ್ಕೊಂಡಂಗ ಆತು."

ಎದ್ದು ಒಳಗೆ ಹೋಗಿ ಗೂಟದ ಚೀಲ ಇಳಿಸಿ, ಬಟ್ಟೆಗಳನ್ನು ತೆಗೆದು ಮತ್ತೆ ಟ್ರಂಕಿನಲ್ಲಿಟ್ಟಳು. ಹೊರಬಂದು ಹೆಣದ ಕಾಲ ಬಳಿ ಕೂತು ಬಾಯಿ ತೆರೆದಳು.

"ಬಿತ್ತೋ ಹೊತ್ತಿಗಿ ಎದ್ದು ಹೋದೆಲ್ಲ ನನ್ನವ್ವಾ..."

ಕರೆಮ್ಮನದೇ ದನಿ, ಕರೆಮ್ಮನದೇ ರಾಗ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಹೆಂಡತಿಯ ಗಂಟಲಿನಲ್ಲಿ ಇದು ಇದ್ದದ್ದು ಅಂಬ್ರಪ್ಪನಿಗೆ ಗೊತ್ತಿರಲಿಲ್ಲ. ಹೆಂಗಸರು ಹೋ ಎಂದು ಅತ್ತರು. ಮೊಬೈಲ್ ನೋಡುತ್ತಿದ್ದವರೂ ಅತ್ತರು. ಅಂಬ್ರಪ್ಪನ ಕೈ ತಾನಾಗಿ ರೆಕಾರ್ಡ್ ಗುಂಡಿ ಒತ್ತಿತು. ಪರದೆಯ ಮೇಲೆ ಗೆರೆ ಎದ್ದಿತು. ಅವನು ಬಗ್ಗಿ ಅದನ್ನೇ ನೋಡತೊಡಗಿದ. ಲೆವೆಲ್ ಚೆನ್ನಾಗಿತ್ತು.

ರಾಗ ಮೇಲಕ್ಕೇರಿ ಗಕ್ಕನೆ ನಿಂತಿತು.

"ಆ ಮನಿಷ್ಯಾ ಹೋದ್ನೇನ?" ಹಣಮಂತಮ್ಮ ಸಾದಾ ದನಿಯಲ್ಲಿ ವಿಚಾರಿಸಿದಳು.

"ಎಲ್ಲಿ ಹೋಗ್ತಾನ," ಅಂದಳು ಮೌನಮ್ಮ. "ರೆಕಾರ್ಡ್ ಮಾಡಾಕತ್ಯಾನ."

ಹಣಮಂತಮ್ಮ ಬಿಟ್ಟಲ್ಲಿಂದಲೇ ಅಳು ಎತ್ತಿಕೊಂಡಳು.