ಛತ್ರ ನೋಡಹೋದ ಮದುಮಗ

ಎಲ್ಲಕ್ಕೂ ಕಾರಣ ಬಾಯಿ ಜಾರಿ ಬಿದ್ದ ಒಂದು ಮಾತು. ಮದುವೆ ಮಾತುಕತೆಗೆಂದು ಸೇರಿದ್ದ ದಿನ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಸುಮ್ಮನೆ ಕೂತಿದ್ದಾಗ, ಆ ಮೌನ ತಾಳಲಾರದೆ ಅವನು "ಛತ್ರ ನಾನೇ ನೋಡ್ತೀನಿ ಮಾವ" ಅಂದುಬಿಟ್ಟಿದ್ದ. ಅಂದಿನಿಂದ ಛತ್ರಗಳ ಪಟ್ಟಿ ಹಿಡಿದು ಊರೆಲ್ಲ ಅಲೆಯುತ್ತಿದ್ದ.

ಮಾವನಾಗಲಿದ್ದವರು ಜೀವಮಾನವೆಲ್ಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದವನ ಬೆವರಿನ ವಾಸನೆಯೇ ಬೇರೆ ಎಂದು ಹೇಳಿಕೊಳ್ಳುತ್ತಿದ್ದರು. ಹಿಂದೆ ಇದೇ ಹುಡುಗಿಗೆ ಗೊತ್ತಾಗಿದ್ದ ವರನೊಬ್ಬ, ತಾನು ಆರಿಸಿದ ಛತ್ರದಲ್ಲಿ ಕೈ ತೊಳೆಯುವ ನಲ್ಲಿ ಎಷ್ಟಿವೆ ಎಂದು ಕೇಳಿದಾಗ ತಡವರಿಸಿದನಂತೆ. "ನಲ್ಲಿ ಗೊತ್ತಿಲ್ಲದವನಿಗೆ ನನ್ನ ಮಗಳು ಯಾಕೆ?" ಎಂದು ಇವರು ಎದ್ದು ಹೊರಟರಂತೆ. ಸಂಬಂಧ ಅಲ್ಲಿಗೇ ಮುರಿಯಿತು.

ಅವರ ಫೋನು ಒಂದು ಬೆಳಿಗ್ಗೆ ಬಂತು. "ಸಂಜೆ ಮನೆಗೆ ಬರ್ತೀನಿ. ಯಾವ ಛತ್ರ, ಯಾಕೆ ಅದೇ ಛತ್ರ, ಎರಡೂ ಹೇಳ್ಬೇಕು." ಅಷ್ಟೇ. ಫೋನು ಇಟ್ಟರು.

ಅವನು ಕನ್ನಡಕದ ಅಂಗಡಿಯಲ್ಲಿ ರಿಪೇರಿಯವನು. ಸಡಿಲವಾದ ಕಡ್ಡಿ, ಕಳಚಿದ ಗಾಜು, ಸೊಟ್ಟಗಾದ ಫ್ರೇಮು, ಎಲ್ಲವನ್ನೂ ಸರಿಮಾಡುತ್ತಿದ್ದ. ಅದಕ್ಕೇ ಅಂಗಡಿಯಲ್ಲಿ ಎಲ್ಲರಿಗೂ ಅವನು 'ಸ್ಕ್ರೂ'. ಹುಡುಗಿ ಸಿಕ್ಕಿದ್ದೂ ಅಲ್ಲೇ. ಒಂದೇ ಕನ್ನಡಕದ ಒಂದೇ ಸ್ಕ್ರೂವನ್ನು ಮನೆಯಲ್ಲಿ ತಾನೇ ಸಡಿಲ ಮಾಡಿಕೊಂಡು ಅವಳು ಮತ್ತೆ ಮತ್ತೆ ಬರುತ್ತಿದ್ದಳು. ಇದು ಅವನಿಗೆ ಬಹಳ ತಡವಾಗಿ ಹೊಳೆಯಿತು. ಹೊಳೆದ ಮೇಲೆ ಅವಳಿಲ್ಲದ ಬದುಕು ಗಾಜಿಲ್ಲದ ಕನ್ನಡಕದ ಹಾಗೆ ಕಂಡಿತು.

"ಮುಖ ಯಾಕೋ ಬಿಳಿಚಿಕೊಂಡಿದೆ?" ಎಂದರು ಗಾಜು ಉಜ್ಜುವ ಹಿರಿಯ. ಕೇಳಿದರೂ ಕೇಳದಿದ್ದರೂ ಉಪದೇಶ ಕೊಡುವ ಅವರಿಗೆ 'ಸಲಹೆ ಅಣ್ಣ' ಎಂದೇ ಹೆಸರು.

ವಿಷಯ ಕೇಳಿ ಅವರು ನಕ್ಕರು. "ಛತ್ರದ ಪಟ್ಟಿ ಹಿಡ್ಕೊಂಡು ಅಲೆದ್ಯಲ್ಲ, ಖಾಲಿ ಇರೋವಾಗ ನೋಡಿದ್ರೆ ಏನು ತಿಳಿಯುತ್ತೆ? ಜನ ತುಂಬಿರುವಾಗ ನೋಡ್ಬೇಕು. ನಲ್ಲೀಲಿ ನೀರು ನಿಲ್ಲುತ್ತಾ, ಫ್ಯಾನು ಗೊಣಗುತ್ತಾ, ಎಲ್ಲ ಆಗ ಗೊತ್ತಾಗೋದು. ದೊಡ್ಡ ರಸ್ತೆ ಛತ್ರದಲ್ಲಿ ಈಗ ಮದುವೆ ನಡೀತಿದೆ. ಸುಮ್ನೆ ಒಳಗೆ ಹೋಗು."

"ಕರೀದೇ ಹೋಗೋದಾ ಅಣ್ಣ?"

"ಹೆಣ್ಣಿನ ಕಡೆಯವ್ರು ನಿನ್ನನ್ನ ಗಂಡಿನ ಕಡೆ ಅಂದ್ಕೋತಾರೆ, ಗಂಡಿನ ಕಡೆಯವ್ರು ಹೆಣ್ಣಿನ ಕಡೆ ಅಂದ್ಕೋತಾರೆ. ನಡುವೆ ನೀನು ರಾಜ!"

ಕ್ಯಾಷಿಯರ್ ಅಕ್ಕನೂ ದನಿಗೂಡಿಸಿದಳು. "ಈ ಅಂಗೀಲಿ ಹೋದ್ರೆ ರಾಜನಲ್ಲ, ಎಲೆಕ್ಟ್ರಿಷಿಯನ್ ಅಂದ್ಕೋತಾರೆ. ಮಾಲೀಕರ ಕೋಟು ಹಾಕ್ಕೊಂಡು ಹೋಗು." ಮಾಲೀಕರು ಅವನ ಎರಡರಷ್ಟಿದ್ದರು. ಕೋಟು ತೊಟ್ಟ ಅವನು ಗೂಡಿನಿಂದ ತಲೆ ಹಾಕಿ ನೋಡುವ ಗುಬ್ಬಿಯಂತೆ ಕಂಡ. ದೇವರ ನೆನಪು ಮಾಡಿಕೊಂಡು, ಮೇಜಿನ ಮೇಲಿದ್ದ ಚಿಕ್ಕ ಸ್ಕ್ರೂಡ್ರೈವರನ್ನು ಅಭ್ಯಾಸಬಲದಿಂದ ಜೇಬಿಗೆ ಹಾಕಿಕೊಂಡು ಹೊರಟ.

ಗೇಟಿನ ಕಾವಲುಗಾರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆದರೆ ಹಿಂದೆಯೇ ಒಂದು ದೊಡ್ಡ ಸಂಸಾರ ನುಗ್ಗಿ ಬಂದದ್ದರಿಂದ ಅವನೂ ಅದರ ಜೊತೆ ಒಳಗೆ ಸೇರಿಹೋದ. ಎಲ್ಲರ ಕಣ್ಣೂ ತನ್ನ ಮೇಲೇ ಇದೆ ಅನಿಸಿತು. ಗೋಡೆಗೆ ಅಂಟಿಕೊಂಡೇ ನಡೆದು ಕೈ ತೊಳೆಯುವ ಜಾಗ ಸೇರಿದ. ಪ್ರತಿ ನಲ್ಲಿಯನ್ನೂ ತಿರುಗಿಸಿ, ನೀರು ಬಂತೆ ನೋಡಿ, ಪದ್ಯ ಬಾಯಿಪಾಠ ಮಾಡುವವನಂತೆ ತುಟಿಯಲ್ಲೇ ಎಣಿಸುತ್ತ ಹೋದ.

"ಯಾಕಪ್ಪಾ, ಕೈಯಲ್ಲಿ ಅಷ್ಟೊಂದು ಕೊಳೆಯಾ?"

ಬೆನ್ನ ಹಿಂದೆ ಒಬ್ಬ ಅಜ್ಜಿ ನಿಂತಿದ್ದರು. ಅವನ ಎಣಿಕೆ ಹಾರಿಹೋಯಿತು.

"ಇಲ್ಲ ಅಜ್ಜಿ... ನೀರು ಚೆನ್ನಾಗಿದೆ."

"ನೀನು ಯಾರ ಕಡೆ?"

"ಹೆಣ್ಣಿನ ಕಡೆ ಅಜ್ಜಿ."

"ಹೆಣ್ಣು ನನ್ನ ಮೊಮ್ಮಗಳು ಕಣೋ. ನಿನ್ನ ನಾನು ನೋಡೇ ಇಲ್ವಲ್ಲ. ನಂಗೆ ನೀನು ಏನಾಗ್ಬೇಕು?"

"ನೀವು ಏನಂತ ಕರೆದ್ರೂ ಸರಿ ಅಜ್ಜಿ" ಎಂದ.

ಅಜ್ಜಿ ಕಣ್ಣು ಕಿರಿದು ಮಾಡಿ, "ಏ ಮಗಾ, ಬಾ ಇಲ್ಲಿ!" ಎಂದು ಕೂಗಿದರು. ಆ ಕೂಗಿಗೆ ಓಗೊಟ್ಟು, ಕದದಷ್ಟು ಅಗಲದ ಎದೆಯ, ಪೊದೆಯಂಥ ಮೀಸೆಯ, ಹೆಣ್ಣಿನ ಸೋದರಮಾವ ತಿರುಗಿದ. ಅವನು ತಿರುಗುವಷ್ಟರಲ್ಲಿ ನಮ್ಮ ಸ್ಕ್ರೂ ಜನರ ನಡುವೆ ನುಸುಳಿಯಾಗಿತ್ತು. ನುಸುಳಿದವನು ನೇರ ಫೋಟೊಗ್ರಾಫರನ ಮುಂದೆ ಬಂದು ನಿಂತ. ವಧೂವರರ ಜೊತೆ ನಗಲಾರದೆ ನಕ್ಕ. ಅಷ್ಟರಲ್ಲಿ ಮೈಕಿನಲ್ಲಿ ಮೀಸೆಯ ದನಿ ಮೊಳಗಿತು. "ದೊಗಳೆ ಕೋಟಿನ ಒಬ್ಬ ಅಪರಿಚಿತ ಒಳಗೆ ಸೇರ್ಕೊಂಡಿದ್ದಾನೆ. ನಿಮ್ಮ ನಿಮ್ಮ ಒಡವೆ ವಸ್ತು ಜೋಪಾನ!"

ಕಳ್ಳನೆಂದು ಸಿಕ್ಕಿಬಿದ್ದರೆ, ಸುದ್ದಿ ಮಾವನ ಕಿವಿಗೆ ಬಿದ್ದರೆ, ಅವಳು ಇನ್ನೆಲ್ಲಿ, ತಾನು ಇನ್ನೆಲ್ಲಿ! ಅಡುಗೆಮನೆಯ ಪಕ್ಕ ಅರೆತೆರೆದ ಬಾಗಿಲೊಂದು ಕಂಡಿತು. ಒಳಗೆ ಹೊಕ್ಕು ಬಾಗಿಲೆಳೆದುಕೊಂಡ.

ಮಡಚಿದ ಕುರ್ಚಿಗಳನ್ನು ಪೇರಿಸಿದ್ದ ಉಗ್ರಾಣ. ಕಿಟಕಿಯಿಲ್ಲ. ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲು. ಅವನು ಉಸಿರು ಬಿಗಿಹಿಡಿದ. ಆದರೂ ಉಸಿರಿನ ಸದ್ದು ಕೇಳುತ್ತಲೇ ಇತ್ತು. ಯಾರದು?

"ಯಾ... ಯಾರು?"

"ಶ್! ಮೆಲ್ಲಗೆ" ಎಂದು ಪಿಸುಗುಟ್ಟಿತು ಕತ್ತಲು. "ನಾನೂ ಕರೀದೇ ಬಂದವ್ನೇ."

ಹೋದ ಜೀವ ಅರ್ಧ ಮರಳಿತು. "ನೀವೂನಾ? ಯಾಕೆ?"

"ಛತ್ರ ಹೆಂಗಿದೆ ಅಂತ ನೋಡೋಕೆ. ಆ ಮೀಸೆಯವ್ನು ಯಾರ ಕಡೆ ಅಂದ. ಉತ್ತರ ಬರ್ಲಿಲ್ಲ. ಓಡುವಾಗ ಕನ್ನಡಕ ಬಿದ್ದು ಕಡ್ಡಿ ಅಲ್ಲಾಡ್ತಿದೆ. ಮೂಗಿನ ಮೇಲೆ ನಿಲ್ತಿಲ್ಲ."

"ಕೊಡಿ ಇಲ್ಲಿ. ಅದೇ ನನ್ನ ಕಸುಬು." ಬೆರಳಲ್ಲೇ ತಡಕಿ, ಸ್ಕ್ರೂಡ್ರೈವರು ತೆಗೆದು, ಕತ್ತಲಲ್ಲೇ ಬಿಗಿಮಾಡತೊಡಗಿದ. ಕೈಗೆ ಕೆಲಸ ಸಿಕ್ಕಿದ್ದೇ ಬಾಯಿಗೂ ಧೈರ್ಯ ಬಂತು. "ನಾನೂ ಛತ್ರಕ್ಕೇ ಬಂದದ್ದು. ನಮ್ಮ ಮಾವನ ಕಾಟ ಸ್ವಾಮಿ."

ಕತ್ತಲು ಕುರ್ಚಿಯೊಂದನ್ನು ಕಿರುಗುಟ್ಟಿಸಿತು. ಆಮೇಲೆ, "ಅಷ್ಟು ಕಾಟಾನಾ?" ಎಂದು ಪಿಸುಗುಟ್ಟಿತು.

"ಕೇಳ್ಬೇಡಿ. ರೈಲು ಬಿಟ್ಟು ವರ್ಷಗಳಾಯ್ತು, ಇನ್ನೂ ಮನೆ ಬಾಗಿಲಲ್ಲಿ ಟಿಕೆಟ್ ಕೇಳೋ ಹಾಗೆ ನಿಲ್ತಾರೆ. ನಕ್ಕರೆ ದಂಡ ಹಾಕ್ತಾರೇನೋ ಅಂತ ಅವ್ರ ಮನೇಲಿ ಬೆಕ್ಕೂ ಸದ್ದು ಮಾಡಲ್ಲ. ಆ ಹುಡುಗಿ ಅವ್ರ ಹೊಟ್ಟೇಲಿ ಹೇಗೆ ಹುಟ್ಟಿದಳೋ ದೇವರಿಗೇ ಗೊತ್ತು. ತಗೊಳ್ಳಿ, ಗಟ್ಟಿಯಾಯ್ತು. ಹಾಕ್ಕೊಂಡು ನೋಡಿ."

"ಹ್ಞೂಂ" ಎಂದಿತು ಕತ್ತಲು. "ಬಹಳ ಗಟ್ಟಿಯಾಗಿದೆ."

ಬಾಗಿಲು ಧಡಾರನೆ ತೆರೆಯಿತು. ಬೆಳಕು ಕೊಡದಿಂದ ಸುರಿದಂತೆ ಒಳಗೆ ಬಿತ್ತು. ಅವನು ಮೊದಲು ನೋಡಿದ್ದು ತಾನು ಸರಿಮಾಡಿದ ಕನ್ನಡಕವನ್ನು. ಆಮೇಲೆ ಅದರ ಹಿಂದಿನ ಕಣ್ಣುಗಳನ್ನು.

"ಮಾ..." ಎಂದಷ್ಟೇ ಹೊರಟಿತು ಬಾಯಿಂದ.

ಬಾಗಿಲ ತುಂಬ ಮೀಸೆ. "ಯಾರೋ ಅದು ಒಳಗೆ?"

ಮರುಕ್ಷಣವೇ ಮಾವನ ಕೈ ಅಳಿಯನ ಕೊರಳಪಟ್ಟಿ ಹಿಡಿದಿತ್ತು. "ಬನ್ನಿ ಬನ್ನಿ, ಇಲ್ಲಿದ್ದಾನೆ ನಿಮ್ಮ ದೊಗಳೆ ಕೋಟು! ಆಗಿನಿಂದ ಬೆನ್ನು ಹತ್ತಿ ಈಗ ಹಿಡಿದೆ. ಎಲ್ಲಯ್ಯ ನಿನ್ನ ಆಹ್ವಾನ ಪತ್ರಿಕೆ? ತೆಗಿ!"

ಆ ಗತ್ತಿಗೆ ಮೀಸೆಯವನೇ ಒಂದು ಹೆಜ್ಜೆ ಹಿಂದೆ ಸರಿದ. ಆಗಲೇ ತನ್ನಿಂದ ಓಡಿಹೋದವರು ಇವರೇ ಎಂಬುದೂ ಅವನಿಗೆ ಮರೆತುಹೋಯಿತು. ತಪಾಸಣೆ ಮಾಡುವವರ ಟಿಕೆಟನ್ನು ಯಾರೂ ಕೇಳುವುದಿಲ್ಲ.

"ಕೈಯಲ್ಲಿ ಏನದು?" ಎಂದ ಮೀಸೆ. ಸ್ಕ್ರೂಡ್ರೈವರು ಬೆಳಕಿನಲ್ಲಿ ಫಳಫಳ ಹೊಳೆಯಿತು. "ಅಯ್ಯೋ! ಬೀಗ ಮುರಿಯೋಕೆ ಅಂತಲೇ ಬಂದಿದ್ದಾನೆ!"

ಅವನು ಬಾಯಿ ತೆರೆದ. ಇವರು ನನ್ನ ಮಾವ ಎಂದರೆ ತಾನು ಉಳಿಯಬಹುದು, ಮದುವೆ ಉಳಿಯುವುದಿಲ್ಲ. ಮಾವ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು. ಅವಳ ಮುಖ ನೆನೆದ. ತೆರೆದ ಬಾಯಿ ಮುಚ್ಚಿದ.

ಅವನನ್ನು ಇಡೀ ಛತ್ರದ ನಡುವೆ ನಡೆಸಿಕೊಂಡು ಹೋದರು. ಮಾವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ, ಕುಡಿಯಲು ಪಾನಕ ಕೊಟ್ಟರು. ಶುಭಕಾರ್ಯದ ದಿನ ಪೊಲೀಸರು ಬೇಡ ಎಂದು ಅಜ್ಜಿ ಅಡ್ಡಬಂದದ್ದೇ ಅವನ ಪುಣ್ಯ. ಛತ್ರದ ಮ್ಯಾನೇಜರು ಫೋಟೊಗ್ರಾಫರನನ್ನು ಕರೆದು ಅವನ ಮುಖದ್ದೊಂದು, ಪಕ್ಕದಿಂದೊಂದು ಚಿತ್ರ ತೆಗೆಸಿ, ಅಲ್ಲೇ ಪ್ರಿಂಟು ಹಾಕಿಸಿ, ಗೇಟಿನಿಂದ ಆಚೆ ದಬ್ಬಿಸಿದ.

ಬೀದಿಯ ಅಂಚಿನಲ್ಲಿ ಅವನು ತುಂಬ ಹೊತ್ತು ಕೂತಿದ್ದ. ಕೊನೆಗೆ ಫೋನು ಬಂತು. ಪರದೆಯ ಮೇಲೆ ಅವಳ ಹೆಸರು. ಮುರಿಯಿತು, ಎಲ್ಲ ಮುರಿಯಿತು ಅಂದುಕೊಂಡೇ ಕಿವಿಗಿಟ್ಟ.

"ಎಲ್ಲಿದ್ದೀರಾ? ಅಪ್ಪ ಈಗಷ್ಟೇ ಫೋನ್ ಮಾಡಿದ್ರು. ಇಷ್ಟು ಖುಷಿಯಾಗಿದ್ದನ್ನ ನಾನು ನೋಡೇ ಇಲ್ಲ! ಸಂಜೆ ನಿಮ್ಮ ಮನೆಗೆ ಬರಲ್ವಂತೆ. ನಿಮ್ಮನ್ನ ಏನೂ ಕೇಳೋದಿಲ್ವಂತೆ. ಹುಡುಗ ಬಾಯಿ ಬಿಡೋ ಪೈಕಿ ಅಲ್ಲ, ನಂಬಬಹುದು ಅಂದ್ರು."

ಅವನ ಕಣ್ಣು ತುಂಬಿತು. "ಹೌದಾ? ಮತ್ತೆ ಛತ್ರ?"

"ಅವ್ರೇ ನೋಡಿ, ಅಡ್ವಾನ್ಸೂ ಕೊಟ್ಟಾಯ್ತು. ದೊಡ್ಡ ರಸ್ತೇದು. ಅಲ್ಲಿ ಕಾವಲು ಎಷ್ಟು ಬಿಗಿ ಅಂದ್ರೆ, ಇವತ್ತು ಒಬ್ಬ ಕಳ್ಳನ್ನ ಕೈಯಾರೆ ಹಿಡಿದ್ರಂತೆ!"

ಅವನು ಮೆಲ್ಲನೆ ತಲೆಯೆತ್ತಿದ. ಎದುರಿಗೆ ಕಾವಲುಗಾರ ಅವನ ಎರಡೂ ಚಿತ್ರಗಳನ್ನು ಗೇಟಿನ ಕಂಬಕ್ಕೆ ಅಂಟಿಸಿ, ಅಂಗೈಯಿಂದ ಒತ್ತುತ್ತಿದ್ದ. ಅವನನ್ನು ಕಂಡವನೇ ಕೋಲು ಎತ್ತಿ ಗದರಿದ.

"ಇನ್ನೂ ಇಲ್ಲೇ ಇದ್ದೀಯಾ? ನಡಿಯೋ! ಈ ಮುಖ ನಾನು ಸಾಯೋವರೆಗೂ ಮರೆಯಲ್ಲ. ಇನ್ನು ನೀನು ಮದುಮಗನ ವೇಷ ಹಾಕ್ಕೊಂಡು ಬಂದ್ರೂ ಒಳಗೆ ಬಿಡೋದಿಲ್ಲ!"